ಅಟ್ಟ ಸೇರಿದ ನಮ್ಮನೆಯವರು

ನಮ್ಮೂರಿನಲ್ಲಿ ಯಾರಿಗಾದರೂ ಏನಾದರೂ ನೆನಪಿಗೆ ಬರಲಿಲ್ಲವೆಂದರೆ ವಯಸ್ಸಾಯಿತು ಎಂದುಕೊಳ್ಳುವುದಿಲ್ಲ, ಅಟ್ಟ ಸೇರಿರಬೇಕು ಎನ್ನುತ್ತಾರೆ. ಅಟ್ಟವೆಂದರೆ ಮನೆಯ ಅಟ್ಟವಲ್ಲ, ಊರಿನ ಜಾಲತಾಣ. ಹಾಡು, ಅಡುಗೆ, ಫೋಟೊ, ಮದ್ದು, ಮಕ್ಕಳ ತೊದಲು, ಬೀದಿ ಜಗಳದ ವಿಡಿಯೊ, ಎಲ್ಲವನ್ನೂ ಜನ ಅದಕ್ಕೆ ಏರಿಸುತ್ತಾರೆ. ಏರಿಸಿದ್ದು ಫೋನಿನಿಂದಲೂ ಹೋಗುತ್ತದೆ, ಏರಿಸಿದವರ ತಲೆಯಿಂದಲೂ ಹೋಗುತ್ತದೆ. ಮತ್ತೆ ಇಳಿಸಿಕೊಂಡು ನೋಡಿದರೆ ಅಥವಾ ಕೇಳಿದರೆ ವಾಪಸು ಬರುತ್ತದೆ. ಹೀಗೇಕೆ ಎಂದು ಹೊರಗಿನವರು ಕೇಳುತ್ತಾರೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಹಾಗಿದ್ದರೆ ಆ ಜನ ಅಷ್ಟನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ಹೇಗೆ ಓಡಾಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ನಾವು ಹೊಂದಿಕೊಂಡಿದ್ದೇವೆ. ಹೋಟೆಲಿನವರು ಸಾಂಬಾರಿನ ವಿಧಾನ ಏರಿಸುವ ಮುಂಚೆ ಅಕ್ಕಪಕ್ಕದವರಿಗೆ ಹೇಳಿರುತ್ತಾರೆ, ಮಾರನೆಯ ದಿನ ಅಕ್ಕಪಕ್ಕದವರು ಬಂದು ಅವರಿಗೆ ಹೇಳಿಕೊಡುತ್ತಾರೆ. ಅಳಿಯನೊಬ್ಬ ಮಾವನ ಮನೆಯ ದಾರಿಯನ್ನು ವಿಡಿಯೊ ಮಾಡಿ ಏರಿಸಿ, ಹಬ್ಬಕ್ಕೆ ಹೋಗುವುದನ್ನು ಮೂರು ವರ್ಷ ತಪ್ಪಿಸಿಕೊಂಡ. ಅವನು ಬೇಕೆಂದೇ ಮಾಡಿದ ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ, ಅವನು ಇಲ್ಲವೆನ್ನುತ್ತಾನೆ. ಅವನಿಗಾದರೂ ಗೊತ್ತಿದೆಯೋ ಇಲ್ಲವೋ ಯಾರು ಹೇಳಬೇಕು.

ನನ್ನ ಹೆಸರು ವಾರಿಜ. ಅಟ್ಟದ ಕಚೇರಿಯಲ್ಲಿ ನನ್ನ ಕೆಲಸ ಕಾಲಂ ಮಾಡುವುದು. ಏನನ್ನಾದರೂ ಏರಿಸುವಾಗ ಜನ ತುಂಬಬೇಕಾದ ಕಾಲಂಗಳಿವೆಯಲ್ಲ, ಹೆಸರೇನು, ಯಾರದು, ಎಂದಿನದು, ಯಾವ ಬಗೆ, ಷರಾ, ಅವು. ಅವುಗಳಲ್ಲಿ ಬರೆದದ್ದನ್ನು ಹಿಡಿದುಕೊಂಡೇ ನಾಳೆ ಹುಡುಕಬೇಕು. ಬೇರೆ ಊರಿನಲ್ಲಿ ಮನುಷ್ಯನಿಗೆ ತಾನೇನು ಹುಡುಕುತ್ತಿದ್ದೇನೆಂದು ಅರ್ಧವಾದರೂ ಗೊತ್ತಿರುತ್ತದೆ. ಇಲ್ಲಿ ಅದೂ ಇಲ್ಲ. ಮರೆತವರು ಬಂದು ಕಿಟಕಿಯ ಆಚೆ ನಿಂತು, ‘ಏನೋ ಒಂದು ಇತ್ತು’ ಎನ್ನುತ್ತಾರೆ. ಅವರಿಗೂ ಆ ‘ಏನೋ ಒಂದ’ಕ್ಕೂ ನಡುವೆ ಇರುವುದು ನನ್ನ ಕಾಲಂಗಳು ಮಾತ್ರ.

ಆ ಕೆಲಸವನ್ನು ನಾನು ಬಹಳ ಉತ್ಸಾಹದಿಂದ ಶುರುಮಾಡಿದೆ. ಜನ ನನ್ನ ಉತ್ಸಾಹವನ್ನು ಬೇಗ ಇಳಿಸಿದರು. ಎಂದಿನದು ಎಂಬಲ್ಲಿ ತಾರೀಖು ಬರೆಯಿರಿ ಎಂದರೆ ‘ನಮ್ಮ ಎಮ್ಮೆ ಕಳೆದುಹೋದ ವರ್ಷ’ ಎಂದು ಬರೆದರು. ಯಾವ ಭಾಷೆ ಎಂದು ಕೇಳಿದರೆ ‘ಒಳ್ಳೆಯ ಭಾಷೆ’ ಎಂದರು. ಯಾವ ಬಗೆ ಎಂಬಲ್ಲಿ ಬರೆಯುವುದೇ ಬೇಡ, ಹಾಡು, ಮಾತು, ಚಿತ್ರ, ಬರಹ, ಇತರೆ ಎಂಬವುಗಳಲ್ಲಿ ಒಂದನ್ನು ಒತ್ತಿದರೆ ಸಾಕು ಎಂದು ಮಾಡಿಕೊಟ್ಟೆ. ಮುಕ್ಕಾಲು ಪಾಲು ಜನ ‘ಇತರೆ’ ಒತ್ತಿದರು. ಯಾಕೆ ಎಂದರೆ, ‘ನಮ್ಮದೇನು ಮಹಾ ಹಾಡು ಬಿಡಿ’ ಎಂಬ ಸಂಕೋಚ. ಊರಿನ ಒಳ್ಳೆಯ ಹಾಡುಗಳೆಲ್ಲ ಈಗ ಇತರೆಯಲ್ಲಿವೆ.

ಇದನ್ನೆಲ್ಲ ಸಹಿಸಬಹುದಿತ್ತು. ತಲೆಕೆಡಿಸಿದ್ದು ‘ಯಾರದು’ ಎಂಬ ಕಾಲಂ. ನಮ್ಮೂರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕಂಪ್ಯೂಟರಿನ ಮುಂದೆಯೂ ಹೇಳುವುದಿಲ್ಲ. ಗಂಡ ಹಾಡಿದ್ದನ್ನೋ ಮಾತಾಡಿದ್ದನ್ನೋ ಏರಿಸಲು ಬಂದವರು ಯಾರದು ಎಂದು ಕೇಳಿದರೆ ‘ನಮ್ಮನೆಯವರದು’ ಎನ್ನುತ್ತಿದ್ದರು. ನನಗಿಂತ ಮುಂಚೆ ಕಿಟಕಿಯಲ್ಲಿ ಕೂರುತ್ತಿದ್ದಾತ ಅವರು ಹೇಳಿದ್ದನ್ನು ಹಾಗೆಯೇ ಬೆರಳಚ್ಚು ಮಾಡಿ ಮುಂದಿನವರನ್ನು ಕರೆಯುತ್ತಿದ್ದ. ಹೀಗಾಗಿ ಅಟ್ಟದ ಮೇಲೆ ನಮ್ಮನೆಯವರು ಎಂಬ ಒಬ್ಬ ಮಹಾಪುರುಷನಿದ್ದಾನೆ. ಅವನು ಸೋಬಾನೆ ಹಾಡುತ್ತಾನೆ, ಪಂಪ್‌ಸೆಟ್ ರಿಪೇರಿ ಹೇಳಿಕೊಡುತ್ತಾನೆ, ಮೊಮ್ಮಗುವಿಗೆ ಕಥೆ ಹೇಳುತ್ತಾನೆ, ಗೊರಕೆ ಹೊಡೆಯುತ್ತಾನೆ. ಅವನ ಹೆಸರಿನಲ್ಲಿ ಸಾವಿರಾರು ದಾಖಲೆಗಳಿದ್ದವು. ಯಾವುದು ಯಾರ ಮನೆಯವರದು ಎಂದು ದೇವರಿಗೂ ಗೊತ್ತಿರಲಿಲ್ಲ.

ಒಂದೊಂದಾಗಿ ಕೇಳಿ ನೋಡಬಹುದಲ್ಲ ಎಂದು ನೀವು ಹೇಳಬಹುದು. ಹೂವು ಮಾರುವ ಸಾಕಮ್ಮ ಹಾಗೇ ಮಾಡಿದಳು. ಬೇರೆಯವರು ಏರಿಸಿದ್ದನ್ನು ಕೇಳಿದರೆ ಅದು ಕೇಳಿದವರ ನೆನಪಾಗಿ ಕೂತುಬಿಡುತ್ತದೆ, ತೆಗೆಯಲಾಗುವುದಿಲ್ಲ. ತನ್ನ ಗಂಡನ ಲಾವಣಿ ಹುಡುಕುತ್ತ ಸಾಕಮ್ಮ ನಾಲ್ಕು ನಮ್ಮನೆಯವರನ್ನು ಕೇಳಿದಳು. ಈಗ ಅವಳಿಗೆ ಐದು ಜನ ಗಂಡಂದಿರ ನೆನಪಿದೆ. ಒಬ್ಬನಿಗೆ ಬದನೆಕಾಯಿ ಆಗುವುದಿಲ್ಲ, ಒಬ್ಬನಿಗೆ ಬದನೆಕಾಯಿಯಿಲ್ಲದೆ ಆಗುವುದಿಲ್ಲ, ಅವಳು ದಿನಾ ಮಾರ್ಕೆಟಿನಲ್ಲಿ ಬದನೆಕಾಯಿ ಗಾಡಿಯ ಮುಂದೆ ದಿಕ್ಕು ತೋಚದೆ ನಿಲ್ಲುತ್ತಾಳೆ. ಅಂದಿನಿಂದ ಕಚೇರಿಯಲ್ಲಿ ಕಟ್ಟುನಿಟ್ಟು. ನಾವು ಕೆಲಸದವರು ಯಾವುದನ್ನೂ ತೆರೆದು ಕೇಳುವಂತಿಲ್ಲ. ಕಾಲಂ ನೋಡಬೇಕು, ಕಾಲಂ ನೋಡಿಯೇ ಇದು ಯಾರದು ಎಂದು ಖಚಿತವಾಗಬೇಕು, ಆಮೇಲೆ ಅವರಿಗೆ ಮಾತ್ರ ಕೇಳಿಸಬೇಕು.

ಈ ನಡುವೆ ಅಟ್ಟ ತುಂಬಿತು. ಜಾಗವಿಲ್ಲ. ಸಮಿತಿಯ ಅಧ್ಯಕ್ಷ ಗುರುಸಿದ್ದಪ್ಪನವರು ಸಭೆ ಕರೆದರು. ಅವರು ರಿಟೈರಾದ ಭೂಗೋಳದ ಮೇಷ್ಟ್ರು, ಶಿಸ್ತಿನ ಮನುಷ್ಯ. ‘ಯಾರದು ಅನ್ನೋ ಕಾಲಮ್ಮಿನಲ್ಲಿ ನಿಜವಾದ ಹೆಸರಿಲ್ಲದ ದಾಖಲೆ ಇದ್ದೂ ಇಲ್ಲದ ಹಾಗೆ. ಸೋಮವಾರ ಎಲ್ಲಾ ಅಳಿಸಿಬಿಡಿ’ ಎಂದು ತೀರ್ಮಾನ ಮಾಡಿದರು. ಅಳಿಸಿದ್ದು ಯಾರ ತಲೆಗೂ ವಾಪಸು ಬರುವುದಿಲ್ಲ, ಊರಿನಲ್ಲೇ ಇಲ್ಲವಾಗುತ್ತದೆ ಎಂದೆ. ‘ಮರೆತುಹೋಗಿದೆಯಲ್ಲ ಅವರಿಗೆ, ಹೋದದ್ದು ಗೊತ್ತೇ ಆಗಲ್ಲ’ ಎಂದರು. ಆ ಮಾತು ಸರಿಯಿದೆ ಎಂದೂ ಅನ್ನಿಸಿತು, ಘೋರ ಎಂದೂ ಅನ್ನಿಸಿತು.

ಗುರುವಾರ ಚಿಕ್ಕತಾಯಮ್ಮ ಬಂದರು. ಹಿಟ್ಟಿನ ಗಿರಣಿಯ ಕೆಂಪಯ್ಯನ ಹೆಂಡತಿ. ಕೆಂಪಯ್ಯ ತೀರಿಕೊಂಡು ಮೂರು ವರ್ಷವಾಗಿತ್ತು. ಚಿಕ್ಕತಾಯಮ್ಮನದು ಕಚೇರಿಯ ಗೋಡೆ ಅದುರುವಂಥ ಗಂಟಲು. ‘ನಮ್ಮನೇವ್ರ ದನಿ ಬೇಕಿತ್ತು ಕಣವ್ವ’ ಎಂದಾಗ ಹಿಂದಿನ ಕೋಣೆಯಲ್ಲಿ ಟೀ ಕುಡಿಯುತ್ತಿದ್ದವರು ಎದ್ದು ಬಂದರು.

ದನಿ ಹೇಗಿತ್ತು, ಏನು ಮಾತು, ಏನಾದರೂ ಸುಳಿವು ಕೊಡಿ ಎಂದೆ. ‘ಅದೇ ಗೊತ್ತಿಲ್ವಲ್ಲ. ಅವ್ರು ಮಾತಾಡೋದು ಕಣ್ಮುಂದೆ ಬತ್ತದೆ. ಬಾಯಿ ಆಡ್ತದೆ, ಸದ್ದಿಲ್ಲ.’ ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ‘ನಂಗೆ ಒಂದೇ ಒಂದು ತಿಳೀಬೇಕು. ಅವ್ರು ಗಿರಣೀಲಿ ಕುಸಿದುಬಿದ್ರಲ್ಲ, ಅವತ್ತು ನಾನು ಅವ್ರಿಗೆ ಕಾಯ್ದೇನೆ ಉಂಡ್ಬುಟ್ಟಿದ್ದೆ. ಮದ್ವೆಯಾದಾಗ್ಲಿಂದ ಒಂದಿನಾನೂ ಅವ್ರನ್ನ ಬುಟ್ಟು ಉಂಡೋಳಲ್ಲ ನಾನು. ಅವತ್ತು ಉಂಡು ಕೈ ತೊಳೀತಿದ್ದೆ, ಸುದ್ದಿ ಬಂತು. ಯಾಕ್ ಉಂಡೆ ಅಂತ ಗೊತ್ತಾಗ್ತಾ ಇಲ್ಲ. ಅಂಥಾ ಹಸಿವಾ ನಂಗೆ? ಮೂರು ವರ್ಷದಿಂದ ತಟ್ಟೆ ಮುಂದೆ ಕೂತ್ರೆ ಅದೇ ಕೇಳ್ತೀನಿ ನನ್ನ ನಾನೇ. ತುತ್ತು ಇಳಿಯಲ್ಲ.’ ಅವತ್ತು ಗಂಡ ಏನೋ ಹೇಳಿದ್ದಿರಬೇಕು, ಅದು ಅಟ್ಟ ಸೇರಿರಬೇಕು ಎಂಬುದು ಅವರ ಊಹೆ. ದನಿ ಏರಿಸಿದರೆ ಬರೀ ದನಿ ಹೋಗುವುದಿಲ್ಲ, ಆ ದನಿ ಹೇಳಿದ ಮಾತೂ ಹೋಗುತ್ತದೆ. ಊಹೆ ಸರಿಯಿದ್ದೀತು. ಅಥವಾ ಹಾಗೇನೂ ಇಲ್ಲದೆ ಅವರಿಗೆ ನಿಜವಾಗಿಯೂ ಹಸಿವಾಗಿದ್ದಿರಲೂಬಹುದು.

ಕೆಂಪಯ್ಯನ ದನಿ ಊರಿನಲ್ಲಿ ಬೇರೆ ಯಾರಿಗೂ ನೆನಪಿರಲಿಲ್ಲ. ಅದಕ್ಕೆ ಅಟ್ಟ ಕಾರಣವಲ್ಲ. ಗಿರಣಿಯ ಸದ್ದಿನಲ್ಲಿ ಆತ ಯಾರೊಡನೆಯೂ ಮಾತಾಡಿದ್ದಿಲ್ಲ. ನುಣ್ಣಗೆ ಬೇಕೋ ತರಿಯಾಗಿ ಬೇಕೋ ಎಂದು ಬೆರಳುಜ್ಜಿ ಕೇಳುತ್ತಿದ್ದ, ಹೊತ್ತಾಗುತ್ತದೆ ಎಂದು ಸೂರ್ಯನ ಕಡೆ ಕೈ ತೋರಿಸುತ್ತಿದ್ದ. ನಾನೇ ಎಷ್ಟು ಸಲ ರಾಗಿ ಬೀಸಿಸಿಕೊಂಡು ಬಂದಿದ್ದೇನೆ, ಒಂದು ಮಾತು ಕೇಳಿಲ್ಲ. ಆತ ಮಾತಾಡಿದ್ದೆಲ್ಲ ಮನೆಯಲ್ಲಿ, ಹೆಂಡತಿಯ ಹತ್ತಿರ ಮಾತ್ರ.

ಕೆಂಪಯ್ಯ ಎಂದು ಹುಡುಕಿದೆ. ಬೇರೆ ಮೂವರು ಕೆಂಪಯ್ಯರು ಬಂದರು, ಮೂವರೂ ಬದುಕಿದ್ದರು. ಗಿರಣಿ ಎಂದು ಹುಡುಕಿದೆ, ಬೀಸುವ ಹಾಡುಗಳು ಬಂದವು. ಅಟ್ಟದಲ್ಲಿ ಏರಿಸಿದವರ ಹೆಸರಿಗೆಂದು ಕಾಲಂ ಇರಲಿಲ್ಲ. ಯಾರದು ಎಂದು ಕೇಳಿದ ಮೇಲೆ ಯಾರು ತಂದದ್ದು ಎಂದು ಕೇಳುವುದು ದಂಡ ಎಂದು ಸಮಿತಿ ಅದನ್ನು ಬಿಟ್ಟಿತ್ತು. ಉಳಿದದ್ದು ಆ ಸಾವಿರಾರು ನಮ್ಮನೆಯವರು. ‘ಒಂದೊಂದೇ ಹಾಕು, ಕೇಳ್ತೀನಿ’ ಎಂದರು ಚಿಕ್ಕತಾಯಮ್ಮ. ಸಾಕಮ್ಮನ ಪಾಡು ಹೇಳಿದೆ. ‘ಹಂಗಾದ್ರೆ ಬ್ಯಾಡವ್ವ. ಇದ್ದೊಬ್ರೇ ಸಾಕು’ ಎಂದು ಗೋಡೆಗೊರಗಿ ಕೂತರು. ಶುಕ್ರವಾರವೂ ಬಂದು ಕೂತರು. ಶನಿವಾರವೂ.

ಆ ಮೂರು ದಿನ ನನ್ನ ತಲೆ ಗೊಜ್ಜಾಯಿತು. ಗೊತ್ತಿಲ್ಲದ್ದನ್ನು ಹುಡುಕಲು ಗೊತ್ತಿರುವ ಯಾವ ಕಾಲಂ ಸಾಕು? ಇನ್ನೊಂದು ಕಾಲಂ ಮಾಡಿದ್ದರೆ ಸಿಗುತ್ತಿತ್ತೇ? ಎಷ್ಟು ಮಾಡಬೇಕಿತ್ತು? ಹಾಳೆಯ ಮೇಲೆ ಹೊಸ ಕಾಲಂಗಳನ್ನು ಬರೆದು ನೋಡಿದೆ. ದನಿ ದಪ್ಪವೋ ತೆಳುವೋ, ಕೋಪವೋ ಪ್ರೀತಿಯೋ, ಊಟದ ಮುಂಚೆ ಹೇಳಿದ್ದೋ ಆಮೇಲೋ. ಬರೆಯುತ್ತ ಬರೆಯುತ್ತ ಹಾಳೆ ತುಂಬಿತು, ನನಗೇ ನಗು ಬಂತು. ಇಷ್ಟನ್ನೆಲ್ಲ ತುಂಬುವ ತಾಳ್ಮೆ ಇರುವವಳು ಏರಿಸುವುದಾದರೂ ಯಾಕೆ, ನೆನಪೇ ಇಟ್ಟುಕೊಳ್ಳುತ್ತಾಳೆ.

ಉಳಿದದ್ದು ಷರಾ. ಅದರಲ್ಲಿ ಜನ ಬಾಯಿಗೆ ಬಂದದ್ದನ್ನು ಬರೆಸುತ್ತಾರೆಂದು ಹುಡುಕಾಟದಿಂದ ಆಚೆ ಇಟ್ಟಿದ್ದೆವು. ‘ಕಾಫಿ ಕುಡಿದು ಕೇಳಿರಿ’, ‘ನಾದಿನಿಗೆ ತೋರಿಸಬೇಡಿ’, ಇಂಥವು. ಷರಾವನ್ನು ಹುಡುಕಾಟಕ್ಕೆ ಸೇರಿಸಲು ಅಧ್ಯಕ್ಷರ ಒಪ್ಪಿಗೆ ಬೇಕು. ಶನಿವಾರ ಸಂಜೆ ಗುರುಸಿದ್ದಪ್ಪನವರ ಮನೆಗೆ ಹೋದೆ.

‘ಆಗಲ್ಲ ವಾರಿಜ. ಷರಾ ಅಂದ್ರೆ ಕಸದ ಬುಟ್ಟಿ. ಕಸದ ಬುಟ್ಟೀಲಿ ಹುಡುಕೋದನ್ನ ಪದ್ಧತಿ ಅನ್ನಲ್ಲ’ ಎಂದರು. ಅವರ ಹೆಂಡತಿ ಶಿವಗಂಗಮ್ಮ ಚಕ್ಕುಲಿ ತಂದಿಟ್ಟರು. ಸುಮ್ಮನೆ ಎದ್ದು ಬರಬಹುದಿತ್ತು, ಆದರೆ ನನಗೆ ಸಿಟ್ಟು ಬಂದಿತ್ತು. ‘ಸರ್, ನಾಳಿದ್ದು ಅಳಿಸೋದರಲ್ಲಿ ನಿಮ್ಮನೆಯವರು ಏರಿಸಿದ್ದೂ ಇರಬಹುದು’ ಎಂದೆ. ಅವರು ನಕ್ಕು ಹೆಂಡತಿಯ ಕಡೆ ನೋಡಿದರು. ಶಿವಗಂಗಮ್ಮ, ‘ನಾನು ಏನು ಏರಿಸ್ಲಿ? ಇವರೇನು ಹಾಡ್ತಿದ್ರಾ, ಕುಣೀತಿದ್ರಾ?’ ಎಂದರು. ಗುರುಸಿದ್ದಪ್ಪನವರ ನಗು ಅಲ್ಲೇ ನಿಂತಿತು. ‘ಹಾಡ್ತಿದ್ದೆನಲ್ಲೇ. ಮದುವೆಯಾದ ಹೊಸದರಲ್ಲಿ ದಿನಾ ಸಾಯಂಕಾಲ ಹಾಡ್ತಿದ್ದೆ’ ಎಂದರು. ‘ನೀವಾ? ಸುಮ್ನಿರಿ’ ಎಂದು ಶಿವಗಂಗಮ್ಮ ಒಳಗೆ ಹೋದರು. ಮೇಷ್ಟ್ರು ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೇ ವಾಪಸಿಟ್ಟರು. ಬರುವಾಗ ನನಗೆ ಒಪ್ಪಿಗೆ ಸಿಕ್ಕಿತ್ತು. ಅಳಿಸುವುದನ್ನು ಮಾತ್ರ ಮುಂದೂಡಲಿಲ್ಲ. ಆ ಮನುಷ್ಯನಿಗೆ ಒಮ್ಮೆ ಹೇಳಿದ ವಾರ ಬದಲಾಯಿಸುವುದೆಂದರೆ ಪ್ರಾಣಸಂಕಟ.

ಭಾನುವಾರ ಬೆಳಿಗ್ಗೆ ಷರಾ ತೆರೆದೆ. ಚಿಕ್ಕತಾಯಮ್ಮ ಬಂದು ತಮ್ಮ ಜಾಗದಲ್ಲಿ ಕೂತರು. ಷರಾದಲ್ಲಿ ಗಿರಣಿ ಇರಲಿಲ್ಲ. ಹಿಟ್ಟು ಇರಲಿಲ್ಲ. ಊಟ ಎಂದರೆ ಒಂದು ಮದುವೆಮನೆಯಷ್ಟು ಬಂದವು. ನಾನು ತಲೆ ಹಿಡಿದುಕೊಂಡಿದ್ದಾಗ ಅವರು, ‘ನೀರು ಕುಡೀ ಮಗ’ ಎಂದರು, ಎರಡು ಬೀದಿ ಆಚೆಯವರಿಗೆ ಹೇಳುವಂತೆ. ನಾನು ಬೆಚ್ಚಿಬಿದ್ದೆ. ‘ಯಾಕಮ್ಮ ಇಷ್ಟು ಜೋರಾಗಿ ಮಾತಾಡ್ತೀರಿ’ ಎಂದು ಕೇಳಿಬಿಟ್ಟೆ. ‘ಜೋರಾ? ನಾನಾ?’ ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

ಜೋರಾಗಿ ಮಾತಾಡುವವನ ಜೊತೆ ಬದುಕಿದವರು ಹೀಗಾಗುತ್ತಾರೆ. ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾದ ಗಂಡ ಮನೆಯಲ್ಲಿ ಕೂಗಿಯೇ ಮಾತಾಡಿರಬೇಕು, ಇವರೂ ಕೂಗಿಯೇ ಉತ್ತರ ಕೊಟ್ಟಿರಬೇಕು. ಅವನ ದನಿ ಹೋಗಿದೆ, ಅದಕ್ಕೆ ಕೊಟ್ಟ ಉತ್ತರ ಇವರ ಗಂಟಲಿನಲ್ಲಿ ಉಳಿದಿದೆ. ಷರಾದಲ್ಲಿ ಜೋರು ಎಂದು ಹಾಕಿ ಹುಡುಕಿದೆ. ನಮ್ಮನೆಯವರು ಇಬ್ಬರು ಬಂದರು. ಒಂದರಲ್ಲಿ ‘ಜೋರು ಗೊರಕೆ, ನಗಬೇಡಿ’ ಎಂದಿತ್ತು.

ಇನ್ನೊಂದರಲ್ಲಿ ಎಂದಿನದು ಎಂಬಲ್ಲಿ ‘ತಿಥಿ ಮುಗಿದ ವಾರ’ ಎಂದಿತ್ತು. ಷರಾದಲ್ಲಿ ಹೀಗಿತ್ತು: ‘ಜೋರಾಗಿ ಮಾತಾಡುತ್ತಾರೆ, ಸೌಂಡು ಕಮ್ಮಿ ಇಡಿ. ಗಿರಾಕಿಗಳಿಗೆಲ್ಲ ಬರೀ ಕೈಸನ್ನೆ, ನನ್ನ ಹತ್ತಿರ ಮಾತ್ರ ಹಿಂಗೆ. ನಾನೇ ಬಂದು ಕೇಳಿದರೂ ಇದನ್ನು ನನಗೆ ಕೊಡಬೇಡಿ. ಎಷ್ಟು ಕೇಳಿಕೊಂಡರೂ ಕೊಡಬೇಡಿ.’

ಅದನ್ನು ಎಷ್ಟು ಸಲ ಓದಿದೆನೋ. ಇದು ಅವರದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಈಗ ಯಾರ ಮಾತು ಕೇಳಲಿ? ಏರಿಸಿದವರ ಮಾತೇ ಕೊನೆಯದು ಎಂಬುದು ಅಟ್ಟದ ನಿಯಮ. ಏರಿಸಿದವರೂ ಇವರೇ, ಕೇಳುತ್ತಿರುವವರೂ ಇವರೇ. ಆಗಿನ ಚಿಕ್ಕತಾಯಮ್ಮನಿಗೆ ಆ ಮಾತು ಏನೆಂದು ಗೊತ್ತಿತ್ತು, ಗೊತ್ತಿದ್ದೇ ಬೇಡವೆಂದರು. ಈಗಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಬೇಕೆನ್ನುತ್ತಿದ್ದಾರೆ. ತಿಳಿದವರ ಮಾತು ನಡೆಸಬೇಕೋ, ಎದುರಿಗೆ ಕೂತವರ ಮಾತು ನಡೆಸಬೇಕೋ? ಸಿಗಲಿಲ್ಲ ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಸೋಮವಾರ ಹೇಗೂ ಅಳಿಸಿಹೋಗುತ್ತದೆ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ‘ಸಿಕ್ತಾ?’ ಎಂದರು. ಮೊದಲ ಸಲ ಮೆಲ್ಲಗೆ ಮಾತಾಡಿದ್ದರು. ನಾನು ಷರಾವನ್ನು ಓದಿ ಹೇಳಿದೆ.

‘ಹಂಗಂತ ನಾನೇ ಬರ್ಸಿದ್ನಾ?’

‘ಹೌದಮ್ಮ.’

‘ಯಾಕಂತೆ?’

‘ಅದನ್ನ ಬರೆಸಿಲ್ಲ.’

ಅವರು ಕಿಟಕಿಯ ಕಂಬಿ ಹಿಡಿದು ನಿಂತರು. ಅವರಿಗೂ ಗಲಿಬಿಲಿಯಾಗಿತ್ತು. ಯಾರೋ ಬೇರೆ ಹೆಂಗಸು ತಮ್ಮ ಮನೆಯ ವಿಷಯದಲ್ಲಿ ತಲೆ ಹಾಕಿದ ಹಾಗೆ ಹುಬ್ಬು ಗಂಟಿಕ್ಕಿಕೊಂಡಿದ್ದರು. ‘ಅದೇನೋ ಕೆಟ್ಟ ಮಾತೇ ಇರ್ಬೇಕು, ಬಯ್ದಿರ್ಬೇಕು ನನ್ನ’ ಎಂದರು. ಇರಬಹುದು ಎಂದೆ. ‘ಕೇಳಿ ಎದೆ ಒಡ್ಕೊಂಡ್ರೆ?’ ಎಂದು ನನ್ನನ್ನೇ ಕೇಳಿದರು. ಹೊರಗೆ ಬಿಸಿಲು ಏರುತ್ತಿತ್ತು. ಷರಾ ತೆರೆದ ಸುದ್ದಿ ಹಬ್ಬಿ ಬಾಗಿಲಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಸೇರುತ್ತಿದ್ದರು, ಅವರ ನಡುವೆ ಶಿವಗಂಗಮ್ಮನೂ ಕೊಡೆ ಹಿಡಿದು ನಿಂತಿದ್ದರು.

ಕೊನೆಗೆ ಚಿಕ್ಕತಾಯಮ್ಮ ಹೇಳಿದರು: ‘ಆವತ್ತಿನೋಳ ಹತ್ರ ಅವ್ರ ದನಿ ಇತ್ತು. ಇದ್ದಿದ್ಕೆ ಬ್ಯಾಡ ಅಂದ್ಳು. ನನ್ನ ಹತ್ರ ಏನದೆ? ಹಾಕು.’

ಒಳಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸೌಂಡು ಕಮ್ಮಿ ಇಟ್ಟೆ. ಒತ್ತಿ ತಕ್ಷಣ ಬಾಗಿಲಿನ ಕಡೆ ಹೊರಟೆ. ಕೇಳಿಸಿಕೊಳ್ಳಬಾರದೆಂಬುದು ನಿಯಮ, ನನಗೂ ಬೇರೆಯವರ ಗಂಡನ ನೆನಪು ಬೇಕಿರಲಿಲ್ಲ. ನಾನು ಮದುವೆಯೇ ಬೇಡವೆಂದು ಹಾಯಾಗಿರುವವಳು. ಆದರೆ ಕೆಂಪಯ್ಯನ ಗಂಟಲು ಹೆಡ್‌ಫೋನಿಗೆ ಬಗ್ಗುವಂಥದ್ದಲ್ಲ. ಬಾಗಿಲು ದಾಟುವಷ್ಟರಲ್ಲಿ ನನ್ನ ಬೆನ್ನಿಗೆ ಬಂದು ಬಿತ್ತು. ಹಿಂದೆ ಗಿರಣಿಯ ದಡದಡ, ಅದರ ಮೇಲೆ ಗಂಡಸಿನ ಕೂಗು. ಕೆಲಸದ ನಡುವೆ ಫೋನಿನಲ್ಲಿ ಕಳಿಸಿದ ಮಾತು.

ಬಾಗಿಲ ಸಂದಿಯಿಂದ ನೋಡಿದೆ. ಚಿಕ್ಕತಾಯಮ್ಮ ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಅಳುತ್ತಿದ್ದರು. ಮುಗಿದರೂ ತೆಗೆಯಲಿಲ್ಲ. ಕೊಡಬಾರದಿತ್ತು ಅನ್ನಿಸಿತು. ನಾನು ಒಳಗೆ ಹೋಗಿ ಪಕ್ಕದಲ್ಲಿ ಕೂತೆ.

‘ಅವ್ರೇ ಹೇಳಿದ್ರು ಕಣೇ’ ಎಂದರು, ಹೆಡ್‌ಫೋನ್ ತೆಗೆದಿಟ್ಟು. ‘ಅವ್ರೇ ಹೇಳಿದ್ರು. ಅದ್ಕೇ ಉಂಡಿದ್ದೆ ನಾನು.’ ಮೂಗು ಒರೆಸಿಕೊಂಡರು. ‘ಸಾಯೋ ಹೊತ್ನಲ್ಲೂ ನನ್ನ ಹೊಟ್ಟೆ ಯೋಚ್ನೆ ಅವ್ರಿಗೆ. ಅದನ್ನ ತಡ್ಕೊಳಕ್ಕೆ ಆಗ್ದೇನೆ ತಗೊಂಬಂದು ಇಲ್ಲಿ ಏರಿಸ್ಬುಟ್ಟೆ, ಬೆಪ್ಪುಮುಂಡೇದು. ಅದೊಂದು ಹೋಯ್ತು, ಉಂಡಿದ್ದು ಮಾತ್ರ ಉಳ್ಕೊಂತು.’

ನಾಳೆ ಅಳಿಸುತ್ತಾರೆ, ಏರಿಸಿದವರೇ ಹೆಸರು ಹೇಳಿದರೆ ಮಾತ್ರ ಕಾಲಂ ತುಂಬಿ ಉಳಿಸಬಹುದು ಎಂದೆ. ಅವರು ನನ್ನನ್ನು ಅಸಭ್ಯವಾದ ಮಾತಾಡಿದವಳಂತೆ ನೋಡಿದರು. ‘ಅವ್ರ ಹೆಸ್ರನ್ನ ಬಾಯ್ಬುಟ್ಟು ಹೇಳ್ಲಾ? ಅಳಿಸ್ಕೊಳ್ಳಿ ಬುಡು. ಈಗ ನನ್ನ ಹತ್ರ ಬಂತಲ್ಲ. ನಂಗೆ ಮತ್ತೆ ಅಳು ಬಂದು, ಮತ್ತೆ ತಂದು ಏರಿಸಿ, ಅದೆಲ್ಲ ಬ್ಯಾಡ.’ ಎದ್ದರು. ಎದ್ದವರು ಬಾಗಿಲ ಹತ್ತಿರ ನಿಂತು ತಿರುಗಿದರು. ‘ನೀನೂ ಕೇಳಿಸ್ಕೊಂಡ್ಯಾ?’

ಇಲ್ಲ ಎಂದು ಹೇಳಬೇಕಿತ್ತು, ಕೆಲಸದ ಪ್ರಶ್ನೆ. ಆದರೆ ಆ ಮಾತು ಆಗಲೇ ನನ್ನೊಳಗೆ ಕೂತಿತ್ತು. ಯಾರೋ ನನಗೇ ಎಂದೋ ಕೂಗಿ ಹೇಳಿದ್ದ ಹಾಗೆ, ನಾನು ಯಾರಿಗೋ ಬಾಗಿಲಲ್ಲಿ ಕಾದಿದ್ದ ಹಾಗೆ. ಹೌದು ಎಂದೆ.

‘ಏನಂದ್ರು ಹೇಳು.’

ಕೋಣೆಯ ಹೊರಗೆ ಹೆಂಗಸರ ಸಾಲೇ ಇತ್ತು. ನಾನು ಸಣ್ಣ ದನಿಯಲ್ಲಿ ಹೇಳಲು ಹೋದೆ, ಆ ಮಾತು ಸಣ್ಣ ದನಿಯಲ್ಲಿ ಬರಲೊಪ್ಪಲಿಲ್ಲ. ಗಿರಣಿಯ ಮೇಲಿನಿಂದ ಕೂಗುವವನ ಹಾಗೆ ಕೂಗಿಯೇ ಹೇಳಬೇಕಾಯಿತು: ‘ನಾನು ಬರೋದು ಹೊತ್ತಾಯ್ತದೆ, ಕಾಯ್ಬ್ಯಾಡ. ನೀನು ಉಂಡ್ಬುಡು.’

ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ‘ಹೂಂ, ಹಂಗೇನೆ. ಆಗ್ಲಿ, ಉಣ್ತೀನಿ’ ಎಂದು ಗಟ್ಟಿಯಾಗಿ ಹೇಳಿ ಮನೆಯ ಕಡೆ ಹೊರಟರು.